ಪರವಾಗಿಲ್ಲಪ್ಪನ ಬಸ್ಸು ಯಾಕೆ ತಡ

ನಮ್ಮ ಬಸ್ಸು ದಿನಾ ಬೆಳಿಗ್ಗೆ ಟೈರ್ ಅಂಗಡಿ ಸ್ಟಾಪಿನಲ್ಲಿ ತಡ ಮಾಡುತ್ತಿತ್ತು. ಯಾಕೆಂದು ನನಗೆ ಗೊತ್ತಿತ್ತು. ಮುಂದಿನ ಸೀಟಿನ ತಾತನಿಗೆ ಗೊತ್ತಿತ್ತು. ಟೈರ್ ಅಂಗಡಿಯವನಿಗೂ ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಯಾರಿಗೋಸ್ಕರ ತಡವಾಗುತ್ತಿತ್ತೋ ಅವಳು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಆ ಬಸ್ಸಿನ ಕಂಡಕ್ಟರ್. ಡ್ರೈವರಿನ ನಿಜವಾದ ಹೆಸರು ಡಿಪೋದಲ್ಲಿ ಯಾರ ಬಾಯಲ್ಲೂ ಉಳಿದಿಲ್ಲ. ಎಲ್ಲರಿಗೂ ಅವನು ಪರವಾಗಿಲ್ಲಪ್ಪ. ಅವನ ಭಾನುವಾರದ ರಜೆಯನ್ನು ಯಾರಾದರೂ ಕಿತ್ತುಕೊಂಡರೆ ‘ಪರವಾಗಿಲ್ಲ’. ಅವನ ಡಬ್ಬಿಯ ಊಟವನ್ನು ಇನ್ಯಾರೋ ಖಾಲಿ ಮಾಡಿದರೂ ‘ಪರವಾಗಿಲ್ಲ’, ಆಮೇಲೆ ಒಂದು ಬಾಳೆಹಣ್ಣು ತಿಂದು ಸ್ಟೇರಿಂಗ್ ಹಿಡಿಯುತ್ತಾನೆ. ಅವನ ತಮ್ಮನಿಗೆ ಮೊದಲು ಮದುವೆಯಾಯಿತು. ಮನೆಯಲ್ಲಿದ್ದ ಎರಡು ಕೋಣೆಗಳಲ್ಲಿ ಒಂದು ತಾಯಿಗೆ, ಇನ್ನೊಂದು ತಮ್ಮನ ಸಂಸಾರಕ್ಕೆ. ಇವನು ನಡುಮನೆಯಲ್ಲಿ ತೊಟ್ಟಿಲ ಪಕ್ಕ ಚಾಪೆ ಹಾಸಿಕೊಂಡ. ಮಗು ಅತ್ತರೆ ಎದ್ದು ತೂಗುವವನೂ ಇವನೇ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅನ್ನುತ್ತಾರೆ. ಇವನೋ, ಗುದ್ದಿದವನ ಕೈ ನೋಯಿತೇನೋ ಎಂದು ವಿಚಾರಿಸುವ ಪೈಕಿ.

ಇಂಥವನು ಪ್ರೀತಿಯಲ್ಲಿ ಬಿದ್ದ.

ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರ ಓದಿಸುವುದು ಅವಳ ಕೆಲಸ. ಊರಿನವರ ಕಣ್ಣು ಪರೀಕ್ಷೆ ಮಾಡುವವಳಿಗೆ ತನ್ನ ಮುಂದಿರುವುದು ಕಾಣುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಬೆಳಿಗ್ಗೆ ಅವಳು ಸ್ಟಾಪಿನ ಹಿಂದಿನ ಗಲ್ಲಿಯಿಂದ ಓಡಿ ಬರುತ್ತಿದ್ದಳು: ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ ಕೂದಲು, ಬಾಯಲ್ಲಿ ಕ್ಲಿಪ್ಪು. ಹೊರಡುವ ಹೊತ್ತಾದರೂ ಅವಳು ಕಾಣಿಸದಿದ್ದರೆ ಪರವಾಗಿಲ್ಲಪ್ಪ ಒಂದು ಬಟ್ಟೆ ಹಿಡಿದು ಕೆಳಗಿಳಿದು ಬಾಗಿಲ ಕಡೆಯ ಕನ್ನಡಿ ಒರೆಸಲು ಶುರುಮಾಡುತ್ತಿದ್ದ. ಒರೆಸುವುದು ಕನ್ನಡಿಯನ್ನು, ನೋಡುವುದು ಅದರೊಳಗಿನ ಗಲ್ಲಿಯನ್ನು. ಹಿಂದಿನವರ ಬೈಗುಳವೆಲ್ಲ ನನಗೆ. ನಾನು ಸೀಟಿ ಊದಿ ಊದಿ ಗಂಟಲು ಒಣಗಿಸಿಕೊಳ್ಳುತ್ತಿದ್ದೆ. ಅವಳು ಹತ್ತಿದ ಕೂಡಲೇ ಕನ್ನಡಿ ತಾನಾಗಿಯೇ ಸ್ವಚ್ಛವಾಗಿಬಿಡುತ್ತಿತ್ತು.

ಹತ್ತಿದವಳು ನೇರವಾಗಿ ಹೋಗುತ್ತಿದ್ದುದು ಕರ್ಚೀಫಿನವನ ಬಳಿಗೆ. ಅವನು ದಿನಾ ಬರುವ ಪ್ರಯಾಣಿಕ, ಮಡಿಕೆ ಮುರಿಯದ ಇಸ್ತ್ರಿ ಅಂಗಿಯವನು. ಪಕ್ಕದ ಸೀಟಿನ ಮೇಲೆ ಕರ್ಚೀಫು ಹಾಸಿ ಅವಳಿಗೆ ಜಾಗ ಹಿಡಿದಿಡುತ್ತಿದ್ದ.

“ಎಷ್ಟು ಒಳ್ಳೆಯವರು ಅಲ್ವಾ ಅಕ್ಕಾ? ದಿನಾ ನೆನಪಿಟ್ಕೊಂಡು ಸೀಟು ಹಿಡಿದಿಡ್ತಾರೆ,” ಎಂದು ಅವಳು ಒಮ್ಮೆ ಟಿಕೆಟ್ ತೆಗೆದುಕೊಳ್ಳುತ್ತಾ ನನಗೆ ಹೇಳಿದಳು.

ಒಬ್ಬ ಸೀಟು ಹಿಡಿದದ್ದು ಕಂಡಿತು. ಇನ್ನೊಬ್ಬ ಇಡೀ ಬಸ್ಸನ್ನೇ ಹಿಡಿದು ನಿಲ್ಲಿಸಿದ್ದು ಕಾಣಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಒಂದು ದಿನ ಅವಳು ಹತ್ತುತ್ತಲೇ ಸಿಡುಕಿದಳು. “ನಿಮ್ಮ ಡ್ರೈವರ್ ಯಾಕಕ್ಕಾ ಇಷ್ಟು ಸೋಮಾರಿ? ನಾನು ಬಂದಾಗೆಲ್ಲ ಬಸ್ಸು ಇಲ್ಲೇ ಬಿದ್ದಿರುತ್ತೆ. ಅಂಗಡಿಗೆ ತಡ ಆಗಿ ಮಾಲೀಕರ ಹತ್ರ ದಿನಾ ಬೈಸ್ಕೋತೀನಿ. ನಿನ್ನೆ ಫೋನ್ ಮಾಡಿ ದೂರು ಕೊಟ್ಟಿದೀನಿ.”

ಮಧ್ಯಾಹ್ನ ಡಿಪೋ ಮ್ಯಾನೇಜರ್ ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು. ಬಸ್ಸು ಯಾಕೆ ತಡ ಎಂದು ಕೇಳಿದರೆ ಇವನು, “ಗಾಡಿ ಬೆಳಿಗ್ಗೆ ಹೊತ್ತು ಸ್ವಲ್ಪ ಮೊಂಡು ಮಾಡುತ್ತೆ ಸರ್,” ಅಂದ. ಪಾಪದ ಗಾಡಿ, ಅದಕ್ಕೆ ಬಾಯಿಲ್ಲ.

“ಇನ್ನೊಂದು ದೂರು ಬರ್ಲಿ, ನಿನ್ನನ್ನ ನೀರಿನ ಟ್ಯಾಂಕ್ ರೂಟಿಗೆ ಎತ್ತಿ ಹಾಕ್ತೀನಿ,” ಎಂದರು ಮ್ಯಾನೇಜರ್. ಆ ರೂಟಿನ ಬಸ್ಸು ಟೈರ್ ಅಂಗಡಿ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಅಲ್ಲಿಗೆ ಹಾಕಿದರೆ ಇವನಿಗೆ ಅವಳ ಮುಖ ನೋಡುವ ಭಾಗ್ಯವೂ ಇಲ್ಲ.

ಹೊರಗೆ ಬಂದದ್ದೇ ನಾನು ಅವನನ್ನು ಹಿಡಿದುಕೊಂಡೆ. “ಹೋಗಿ ಹೇಳೋ ಅವಳಿಗೆ! ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನಗೆ ದೇವರು ಬಾಯಿ ಕೊಟ್ಟಿದ್ದು ಬಾಳೆಹಣ್ಣು ತಿನ್ನೋಕಾ?”

“ಕಾದಿದ್ದನ್ನ ಹೇಳ್ಕೊಂಡ್ರೆ ಹಂಗಿಸಿದ ಹಾಗಾಗುತ್ತೆ ಅಕ್ಕಾ. ಪರವಾಗಿಲ್ಲ ಬಿಡಿ. ಅವರು ಸುಳ್ಳೇನೂ ಹೇಳಿಲ್ಲ. ಬಸ್ಸು ತಡ ಆಗೋದು ನಿಜಾನೇ ಅಲ್ವಾ?”

ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು.

ಮರುದಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ನಾನು ‘ರೈಟ್’ ಅಂದಾಗ ಅವಳು ಗಲ್ಲಿಯ ಬಾಯಲ್ಲಿ ಕಾಣಿಸಿದ್ದಳು, ಕ್ಲಿಪ್ಪು ಹಿಡಿದ ಕೈ ಎತ್ತಿ ಬೀಸುತ್ತಿದ್ದಳು. ಪರವಾಗಿಲ್ಲಪ್ಪ ಗೇರು ಹಾಕಿದ. ಆಮೇಲೆ ಆ ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕರ್ಚೀಫಿನವನು ಮುಂದಿನ ಸ್ಟಾಪಿನಲ್ಲಿ ಕರ್ಚೀಫು ಮಡಚಿ, ಹತ್ತಿದ ಇನ್ನೊಬ್ಬಳಿಗೆ ಅದೇ ನಗು ನಕ್ಕು, “ಕೂತ್ಕೊಳ್ಳಿ,” ಅಂದ. ನನಗೆ ಪರವಾಗಿಲ್ಲಪ್ಪ, ಕರ್ಚೀಫಿನವನು ಇಬ್ಬರ ಮೇಲೂ ಸಿಟ್ಟು ಬಂತು.

ಒಂದು ವಾರ ಅವಳಿಗೆ ಬಸ್ಸು ಸಿಗಲಿಲ್ಲ. ಕೊನೆಗೊಂದು ಸಂಜೆ ವಾಪಸ್ ಬರುವಾಗ ನಮ್ಮ ಬಸ್ಸನ್ನೇ ಹತ್ತಿ ಜಗಳಕ್ಕೆ ನಿಂತಳು.

“ಆಗ ತಡ ಮಾಡ್ತಿದ್ರು, ಈಗ ಮೊದಲೇ ಓಡಿಸ್ಕೊಂಡು ಹೋಗ್ತಾರೆ. ಏನಕ್ಕಾ ಇದು ನಿಮ್ಮ ಡ್ರೈವರಿನ ಆಟ?”

ನನ್ನ ಸಹನೆಯ ಕಟ್ಟೆ ಒಡೆಯಿತು. “ಈಗ ಹೋಗ್ತಿರೋದೇ ಸರಿಯಾದ ಹೊತ್ತು ಕಣಮ್ಮಾ! ನೀನು ಯಾವತ್ತಾದ್ರೂ ಹೊತ್ತಿಗೆ ಸರಿಯಾಗಿ ಬಂದಿದೀಯಾ? ಎರಡು ವರ್ಷದಿಂದ ಆ ಪುಣ್ಯಾತ್ಮ ನಿನಗೋಸ್ಕರ ಬಸ್ಸು ನಿಲ್ಲಿಸ್ಕೊಂಡು ಎಲ್ಲರ ಹತ್ರ ಬೈಸ್ಕೊಂಡ. ನೀನು ಅವನ ಮೇಲೇ ದೂರು ಕೊಟ್ಟೆ!”

ಮುಂದಿನ ಸೀಟಿನ ತಾತ ಹಿಂದಕ್ಕೆ ತಿರುಗಿ, “ಹೌದಮ್ಮಾ. ಒರೆಸಿ ಒರೆಸಿ ಆ ಕನ್ನಡಿ ಸವೆದು ಹೋಗಿದೆ,” ಎಂದು ಸಾಕ್ಷಿ ಹೇಳಿದ. ಸ್ಟೇರಿಂಗ್ ಹಿಂದೆ ಪರವಾಗಿಲ್ಲಪ್ಪನ ಕಿವಿಗಳು ಕೆಂಪಾದವು. ಅವಳು ಇಳಿದ ಮೇಲೆ ರಸ್ತೆಯ ಅಂಚಿನಲ್ಲಿ ನಿಂತು ಆ ಕನ್ನಡಿಯನ್ನೇ ನೋಡಿದಳು. ಅದರಲ್ಲಿ ಅವನ ಮುಖ ಕಂಡಿರಬೇಕು. ಇವನು ತಲೆ ತಗ್ಗಿಸಿಬಿಟ್ಟ.

ಮರುದಿನ ಬೆಳಿಗ್ಗೆ ಅವಳು ಬಸ್ಸಿಗಿಂತ ಮೊದಲೇ ಬಂದು ನಿಂತಿದ್ದಳು. ಕೂದಲು ಕಟ್ಟಿತ್ತು, ಚಪ್ಪಲಿ ಕಾಲಲ್ಲೇ ಇತ್ತು. ಸುಮ್ಮನೆ ನಿಂತ ಅವಳನ್ನು ಈ ಮಹಾರಾಯ ಎಂದೂ ನೋಡಿದವನಲ್ಲ. ಬ್ರೇಕು ಒತ್ತುವುದನ್ನೇ ಮರೆತ. ಬಸ್ಸು ಅವಳನ್ನು ದಾಟಿಕೊಂಡು ಹೋಗಿಯೇ ಬಿಟ್ಟಿತು!

“ನಿಲ್ಸೋ!” ಎಂದು ಇಡೀ ಬಸ್ಸು ಕೂಗಿತು. ನಿಂತಾಗ ಸ್ಟಾಪು ಎಲ್ಲೋ ಹಿಂದೆ ಉಳಿದಿತ್ತು. ಅವಳು ಮತ್ತೆ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿ ಬಂದಳು. ಏದುಸಿರು ಬಿಡುತ್ತಾ ಹತ್ತಿ, ನೇರ ಡ್ರೈವರಿನ ಹತ್ತಿರ ಹೋಗಿ ನಿಂತು ಹೇಳಿದಳು:

“ಇವತ್ತು ನಾನು ಮೊದಲೇ ಬಂದಿದ್ದೆ.”

ಏನಾದರೂ ಹೇಳೋ, ಒಂದೇ ಒಂದು ಒಳ್ಳೆಯ ಮಾತು ಹೇಳೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಸ್ಟೇರಿಂಗ್ ನೋಡುತ್ತಾ, “ಪರವಾಗಿಲ್ಲ,” ಅಂದ.

ನಾನು ಹಣೆ ಚಚ್ಚಿಕೊಂಡೆ. ಅವಳಿಗೆ ಮಾತ್ರ ನಗು ಬಂತು. ಕರ್ಚೀಫಿನ ಸೀಟಿನ ಕಡೆ ಹೋಗದೆ ಅವನ ಹಿಂದಿನ ಕಂಬಿ ಹಿಡಿದು ಅಲ್ಲೇ ನಿಂತಳು. ನಾನು ಸೀಟಿ ಊದಿದೆ, ಬಸ್ಸು ಕದಲಲಿಲ್ಲ. ಮತ್ತೆ ಊದಿದೆ. ಅವಳು ಒಳಗಿದ್ದೂ ಬಸ್ಸು ತಡವಾದದ್ದು ಅದೇ ಮೊದಲು.

ಮಧ್ಯಾಹ್ನ ದೂರು ಬಂತು. ಕೊಟ್ಟವನು ಕರ್ಚೀಫಿನವನು. ಮ್ಯಾನೇಜರ್ ಆಡಿದ ಮಾತಿಗೆ ತಪ್ಪಲಿಲ್ಲ. ಅದೃಷ್ಟ ಮುಖ ತೋರಿಸಿದ ದಿನವೇ ಬೆನ್ನು ತಿರುಗಿಸಿತಲ್ಲ ಎಂದು ನನಗೆ ಹೊಟ್ಟೆ ಉರಿಯಿತು. “ಪರವಾಗಿಲ್ಲ ಅಕ್ಕಾ,” ಎಂದು ಇವನು ಡಬ್ಬಿ ಎತ್ತಿಕೊಂಡ. ಆದರೆ ಈ ಸಲ ಬಾಳೆಹಣ್ಣನ್ನು ತಿನ್ನದೆ ಅಲ್ಲೇ ಬಿಟ್ಟು ಹೋದ.

ಮಾರನೆಯ ಬೆಳಿಗ್ಗೆ ಹೊಸ ಡ್ರೈವರ್ ಹೊತ್ತಿಗೆ ಸರಿಯಾಗಿ ಬಸ್ಸು ತಂದು ನಿಲ್ಲಿಸಿದ. ಅವಳು ನಿಂತಿದ್ದಳು. ಒಳಗೆ ಇಣುಕಿ ನೋಡಿ, “ಅವರೆಲ್ಲಿ ಅಕ್ಕಾ?” ಅಂದಳು.

“ನೀರಿನ ಟ್ಯಾಂಕ್ ರೂಟಿಗೆ ಹಾಕಿದಾರಮ್ಮಾ. ನಿಮ್ಮ ಗಲ್ಲಿಯ ಆ ತುದಿಯಿಂದ ಹೊರಡುತ್ತೆ, ಇಷ್ಟು ಹೊತ್ತಿಗೇ. ಆದ್ರೆ ಅದು ನಿನ್ನ ಅಂಗಡಿ ಕಡೆ ಹೋಗಲ್ಲ.”

“ಗೊತ್ತು,” ಎಂದು ಅವಳು ಚಪ್ಪಲಿ ಕೈಗೆ ತೆಗೆದುಕೊಂಡು ಬಂದ ದಾರಿಯಲ್ಲೇ ಓಡಿದಳು.

ಹೊಸ ಡ್ರೈವರ್ ಹಾರ್ನ್ ಬಾರಿಸಿದ. ಸರ್ವಿಸಿಗೆ ಸೇರಿದಾಗಿನಿಂದ ತಡವಾಗಿ ಬಂದವರಿಗೆ ನಾನು ಬಸ್ಸು ನಿಲ್ಲಿಸಿದವಳಲ್ಲ. ಅವನಿಗೆ ಒಂದು ನಿಮಿಷ ಸುಮ್ಮನಿರು ಎಂದು ಸನ್ನೆ ಮಾಡಿ ಫೋನ್ ತೆಗೆದೆ.

“ಏನಕ್ಕಾ? ಹೊರಡ್ತಾ ಇದೀನಿ, ಹೊತ್ತಾಯ್ತು,” ಅಂದ ಪರವಾಗಿಲ್ಲಪ್ಪ.

“ಹೊರಡಬೇಡ. ಇಳಿದು ಕನ್ನಡಿ ಒರೆಸು.”

“ಕನ್ನಡಿ ಚೆನ್ನಾಗೇ ಇದೆಯಲ್ಲಕ್ಕಾ.”

“ಒರೆಸೋ ಅಂದ್ರೆ!”