ಅಕ್ಕಿಯಲ್ಲಿ ಬರೆದ ಹೆಸರು, ಮಿಕ್ಸರಿನ ಗೇನು

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗಲೇ ನಾನು ಮದುವೆಯಾಗಿ ಆನೆಗೊಂದಿಯಿಂದ ಕುಷ್ಟಗಿಗೆ ಬಂದೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಕೊಪ್ಪಳದ ಕಡೆಯ ಕಾಲೇಜಿಗೆ. "ಈ ಸಲ ಪಾಸಾದ್ರ ಛಲೋ, ಇಲ್ಲಂದ್ರ ಓದು ಇಲ್ಲಿಗೆ ಸಾಕು" ಎಂದು ಮಾವ ಹೇಳಿದ್ದರು. ಸಿಟ್ಟಿನಿಂದಲ್ಲ, ಊಟದ ನಡುವೆ ಉಪ್ಪು ಕೇಳಿದ ಹಾಗೆ. ಅದಕ್ಕೇ ನನಗೆ ಹೆಚ್ಚು ಭಯವಾಗಿತ್ತು.

ನನ್ನ ಪ್ರಾಜೆಕ್ಟು ಮಿಕ್ಸರ್ ಮೇಲೆ ಎಂದಾಗ ಅತ್ತೆ, "ಹಂಗಾರ ನಮ್ಮದನ್ನೂ ಒಂಚೂರು ನೋಡು, ಚಟ್ನಿ ಸಣ್ಣಗ ಆಗವಲ್ದು" ಎಂದರು. ನನ್ನದು ರೇಡಿಯೊದೊಳಗಿನ ಮಿಕ್ಸರ್. ಬಂದ ಸಿಗ್ನಲ್ಲಿಗೆ ಇನ್ನೊಂದು ಸಿಗ್ನಲ್ಲನ್ನು ಬೆರೆಸಿ ಅದರ ಆವರ್ತನವನ್ನು ಕೆಳಗಿಳಿಸುವ ಸರ್ಕ್ಯೂಟು. ಹಾಗೆ ಇಳಿಯುವಾಗ ಸಿಗ್ನಲ್ಲಿನ ಬಲ ಹೆಚ್ಚಿತೋ ಕುಗ್ಗಿತೋ ಎಂಬ ಲೆಕ್ಕವೇ ಕನ್ವರ್ಷನ್ ಗೇನ್. ಅದನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಟ್ ಮಾಡಿ ತೋರಿಸಬೇಕಿತ್ತು.

ಎಂಟು ಡೆಸಿಬೆಲ್ ಗೇನ್ ಬರಬೇಕಾದಲ್ಲಿ ನನಗೆ ಮೈನಸ್ ನಲವತ್ತು, ಅಂದರೆ ಸಿಗ್ನಲ್ಲು ಇದ್ದೂ ಇಲ್ಲದ ಹಾಗೆ, ಬರುತ್ತಿತ್ತು. ಟ್ರಾನ್ಸಿಸ್ಟರ್ ಬದಲಿಸಿದೆ, ರೆಸಿಸ್ಟರ್ ಬದಲಿಸಿದೆ. ಎರಡು ವಾರ ಕಳೆದರೂ ಅದು ಜಗ್ಗಲಿಲ್ಲ. ವರದಿ ಕೊಡಲು ಮೂರೇ ದಿನ ಉಳಿದಿದ್ದವು.

ಅಂಥ ಒಂದು ಮಧ್ಯಾಹ್ನ ಅಪ್ಪ ಹೆಗಲ ಮೇಲೆ ಬಾಳೆಗೊನೆ ಹೊತ್ತು, ಬೆವರು ಸುರಿಸುತ್ತ ಬಾಗಿಲಿಗೆ ಬಂದರು. ನಾವು ಹೊಸ ಓಣಿಗೆ ಮನೆ ಬದಲಿಸಿದ್ದೆವು. ಬೀಗರ ಹೆಸರು ಹೇಳಿ ಕೇಳಿದ್ದರೆ ಯಾರಾದರೂ ತೋರಿಸುತ್ತಿದ್ದರು. ಆದರೆ ಮಗಳ ಮನೆಗೆ ಬಂದವನು ಮಗಳ ಹೆಸರನ್ನೇ ಹೇಳಬೇಕೆಂಬ ಹಟ ಅವರದು.

"ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ಲಂತ. ಓಣಿ ತುಂಬ ಕೇಳೀನಿ" ಎಂದು ಗೊನೆ ಇಳಿಸಿದರು.

ಅತ್ತೆ ನೀರು ಕೊಡುತ್ತ ನಕ್ಕರು. "ಹಳೇ ಹೆಸರು ಹಿಡಕೊಂಡು ಹುಡುಕಿದ್ರ ಹ್ಯಾಂಗ ಸಿಗತಾಳ್ರಿ ಬೀಗರ? ಆಕಿ ಇಲ್ಲೇ ಅದಾಳ, ಹೆಸರು ಬ್ಯಾರೆ ಆಗೇತಿ."

ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆಸಿದ್ದ ಹೊಸ ಹೆಸರು ಅದು. ಅಪ್ಪ ಎದುರಿಗೇ ಕೂತಿದ್ದರು. ಆದರೂ ಅದು ಅವರ ಬಾಯಿಗೆ ಬರುತ್ತಿರಲಿಲ್ಲ.

ನಾನು ಬಾಳೆಗೊನೆ ಮುಟ್ಟಿದವಳು ಹಾಗೇ ನಿಂತೆ. ನನ್ನ ಮಿಕ್ಸರಿನಲ್ಲೂ ನೂರು ಮೆಗಾಹರ್ಟ್ಸ್ ಆವರ್ತನದಲ್ಲಿ ಒಳಗೆ ಹೋದ ಸಿಗ್ನಲ್ಲು ಹತ್ತರಲ್ಲಿ ಹೊರಗೆ ಬರುತ್ತದೆ. ನಾನು ಅದರ ಹೊರಬಾಗಿಲಲ್ಲೂ ನೂರನ್ನೇ ಹುಡುಕುತ್ತಿದ್ದೆ. ಇಂಥ ದಡ್ಡತನ ಮಾಡಿದ್ದಕ್ಕೆ ನಾಚಿಕೆಯಾಯಿತು, ಅಪ್ಪನ ಮಗಳೆಂದು ಖುಷಿಯೂ ಆಯಿತು.

ಮರುದಿನ ಕಾಲೇಜಿನಲ್ಲಿ ಹತ್ತು ಮೆಗಾಹರ್ಟ್ಸಿನಲ್ಲಿ ನೋಡಿದೆ. ಎಂಟು ಡೆಸಿಬೆಲ್ಲಿಗೆ ತುಸು ಕಡಿಮೆ. ನೂರರಲ್ಲಿ ಮಾತ್ರ ನಾನು ಎರಡು ವಾರ ನೋಡಿದ್ದ ಆ ಮೈನಸ್ ನಲವತ್ತರ ಸಣ್ಣ ಗೆರೆ ಇನ್ನೂ ಇತ್ತು. "ಅದು ಸೋರಿಕೆ, ಬದಲಾಗದ ಹಂಗ ನುಸುಳಿ ಬಂದದ್ದು. ಎಷ್ಟು ಕಡಿಮಿ ಇದ್ರ ಅಷ್ಟು ಛಲೋ" ಎಂದರು ಪ್ರಾಜೆಕ್ಟು ನೋಡುತ್ತಿದ್ದ ಮೇಷ್ಟ್ರು.

ನಾನು ಪಾಸಾದೆ. ಸುದ್ದಿ ತಿಳಿದು ಅಪ್ಪ ಮತ್ತೆ ಬಂದರು. ಓಣಿಯ ತುದಿಯಿಂದಲೇ ನನ್ನ ಹಳೆಯ ಹೆಸರು ಹಿಡಿದು ಕೂಗಿದರು. ಕಟ್ಟೆಯ ಮೇಲೆ ಕೂತಿದ್ದ ಅಷ್ಟು ಹೆಂಗಸರಲ್ಲಿ ತಿರುಗಿ ನೋಡಿದವಳು ನಾನೊಬ್ಬಳೇ.