ಗುತ್ಯಮ್ಮನ ಪೊಟ್ಟಣದ ಪೇಪರು

ಗುತ್ಯಮ್ಮನಿಗೆ ಅಕ್ಷರ ಕಲಿಸಿದವಳು ನಾನೇ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಎಷ್ಟೋ ವರ್ಷ ಊರವರು ಇದೊಂದು ತಪ್ಪನ್ನು ನನ್ನ ತಲೆಗೆ ಕಟ್ಟಿ ಆಡಿಕೊಂಡಿದ್ದಾರೆ.

ನಾನು ಜಗದಾಂಬ, ಉಳವಿಯ ಅಂಗನವಾಡಿ ಟೀಚರು. ತೊಂಬತ್ಮೂರರಲ್ಲಿ ಸಾಕ್ಷರತಾ ಆಂದೋಲನ ಬಂದಾಗ, ಮಕ್ಕಳು ಉಪ್ಪಿಟ್ಟು ತಿಂದು ಮನೆಗೆ ಹೋದ ಮೇಲೆ ಅದೇ ಕೋಣೆಯಲ್ಲಿ ದೊಡ್ಡವರಿಗೂ ಪಾಠ ಹೇಳಬೇಕೆಂದು ಮೇಲಿನಿಂದ ಆದೇಶ ಬಂತು. ಸಂಬಳ ಹೆಚ್ಚಿಸದೆ ಕೆಲಸ ಹೆಚ್ಚಿಸುವುದರಲ್ಲಿ ಮೇಲಿನವರಿಗೆ ಸಮ ಯಾರೂ ಇಲ್ಲ. ಹನ್ನೆರಡು ಹೆಂಗಸರು ಸೇರಿದರು. ಹನ್ನೊಂದು ಮಂದಿ ಹೆಸರು ಬರೆಯಲು ಕಲಿತು, ಇಷ್ಟು ಸಾಕು ಟೀಚರಮ್ಮ ಎಂದು ಎದ್ದು ಹೋದರು. ಹೋಗದೆ ಉಳಿದವಳು ಗುತ್ಯಮ್ಮ ಒಬ್ಬಳೇ.

ಆಗ ಅವಳಿಗೆ ಐವತ್ತರ ಹತ್ತಿರ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಅಂಜನಾಪುರದ ಕಡೆ ಕೊಟ್ಟಾಗಿತ್ತು. ಕೆರೆ ಕೆಳಗಿನ ಒಂದೂವರೆ ಎಕರೆ ಗದ್ದೆಯನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಅವಳ ಅನ್ನ, ಅವಳ ಮಾನ ಎರಡೂ ಆ ಗದ್ದೆಯಲ್ಲೇ ಇದ್ದವು. ಗದ್ದೆ ಅವಳ ಪಾಲಿನದೆಂದು ಊರಿಗೆಲ್ಲ ಗೊತ್ತು, ಪಹಣಿಯಲ್ಲಿ ಮಾತ್ರ ಮೈದುನ ಗುರುಮಲ್ಲಪ್ಪನ ಹೆಸರು. ಅಣ್ಣ ತಮ್ಮ ಇಬ್ಬರೂ ಬಾಯಿಮಾತಿನಲ್ಲೇ ಹಿಸೆ ಮಾಡಿಕೊಂಡಿದ್ದರು. ನಮ್ಮ ಕಡೆ ಬಾಯಿಮಾತು ನಡೆಯುವಷ್ಟು ದಿನ ಕಾಗದದ ನೆನಪು ಯಾರಿಗೂ ಆಗುವುದಿಲ್ಲ.

ಗುತ್ಯಮ್ಮನ ಓದು ಎಂದರೆ ಅದೊಂದು ಕೇಳುವಂಥ ಸಂಗತಿ. ಸಾಲಿನ ಕೆಳಗೆ ಬೆರಳಿಟ್ಟು, ಕೆರೆ ಆಚೆ ದಡದವರಿಗೂ ಕೇಳುವ ಹಾಗೆ ಓದುತ್ತಿದ್ದಳು. ಒತ್ತಕ್ಷರ ಬಂದಲ್ಲಿ ಗಾಡಿ ಹೊಂಡಕ್ಕಿಳಿದ ಹಾಗೆ ನಿಂತು, ಒಂದು ಸಲ ಉಸಿರೆಳೆದು, ದಾಟುತ್ತಿದ್ದಳು. ಮನಸ್ಸಿನಲ್ಲಿ ಓದಿಕೊಳ್ಳಿ ಎಂದು ಒಮ್ಮೆ ಹೇಳಿದೆ.

"ಮನಸಲ್ಲಿ ಓದಿದ್ರೆ ಯಾರಿಗೆ ಕೇಳ್ಸುತ್ತೆ ಟೀಚರಮ್ಮ?" ಎಂದಳು.

ಆಂದೋಲನದವರು ಕೊಟ್ಟ ಪುಸ್ತಕ ಮೂರೇ ತಿಂಗಳಲ್ಲಿ ಮುಗಿಯಿತು. ದಿನಾ ಪೇಪರು ಕೊಳ್ಳುವಷ್ಟು ಕೈ ಅವಳದಲ್ಲ. ಹಾಗಾಗಿ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವ ಕಾಗದಕ್ಕೆ ಕೈ ಹಾಕಿದಳು. ಸಕ್ಕರೆ ಡಬ್ಬಿಗೆ ಸುರಿದು, ಪೊಟ್ಟಣ ಬಿಚ್ಚಿ, ತೊಡೆಯ ಮೇಲಿಟ್ಟು ಅಂಗೈಯಲ್ಲಿ ತೀಡಿ, ಜಗಲಿಗೆ ಬಂದು ಕೂತರೆ ಆಯಿತು. ಬೀದಿಯವರಿಗೆಲ್ಲ ಅವತ್ತಿನ ಸುದ್ದಿ.

ಅವತ್ತಿನ ಸುದ್ದಿ ಎಂದೆನಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಪೊಟ್ಟಣದ ಪೇಪರಿಗೆ ತಲೆ ಇದ್ದರೆ ಬಾಲ ಇರುವುದಿಲ್ಲ, ತಾರೀಖಂತೂ ಇರುವುದೇ ಇಲ್ಲ. ಒಮ್ಮೆ ಹೊಸರುಚಿ ಓದಿ, ಹಿಟ್ಟು ಕಲಸಿ, ಉಂಡೆ ಕಟ್ಟಿ, ನಮಗೆಲ್ಲ ಹಸಿಯಾಗಿಯೇ ಹಂಚಿದಳು. ಬೇಯಿಸಬೇಡವಾ ಎಂದರೆ, "ಅಲ್ಲಿಗೇ ಹರಿದಿತ್ತು. ಮುಂದಿಂದು ಸಿಕ್ಕಿದ್ರೆ ಮಾಡಾಣ" ಎಂದಳು. ನಾನು ಆ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ದನಕ್ಕೆ ಹಾಕಿದೆ, ದನವೂ ಯೋಚನೆ ಮಾಡಿ ತಿಂದಿತು.

ಅದಾದರೂ ಹೋಗಲಿ. ತೊಂಬತ್ತೇಳರಲ್ಲಿ ಮಾಡಿದ ಕೆಲಸವನ್ನು ನಾನು ಸುಲಭಕ್ಕೆ ಕ್ಷಮಿಸಲಿಲ್ಲ. ನಾಳೆಯಿಂದ ಬಸ್ ಮುಷ್ಕರ, ಒಂದು ಗಾಡಿಯೂ ಓಡುವುದಿಲ್ಲ ಎಂದು ಕಡಲೆಬೇಳೆ ಪೊಟ್ಟಣದಿಂದ ಓದಿ ಹೇಳಿದಳು. ಊರಿನಲ್ಲಿ ಒಬ್ಬರೂ ಮಾರನೇ ದಿನ ಮನೆ ಬಿಟ್ಟು ಹೊರಡಲಿಲ್ಲ. ಸೊರಬದ ಬಸ್ಸು ಎಂದಿನಂತೆ ಬಂತು, ಐದು ನಿಮಿಷ ಹಾರ್ನ್ ಹೊಡೆಯಿತು, ಖಾಲಿ ಹೋಯಿತು. ಊರಲ್ಲಿ ಯಾರಾದರೂ ತೀರಿಕೊಂಡರಾ ಎಂದು ಕಂಡಕ್ಟರ್ ಇಳಿದು ವಿಚಾರಿಸಿದನಂತೆ. ಆ ಮುಷ್ಕರ ಹಿಂದಿನ ವರ್ಷದ್ದು. ಅವತ್ತು ಸೊರಬದಲ್ಲಿ ನನಗೆ ಮೀಟಿಂಗ್ ಇತ್ತು. ಹೋಗದಿದ್ದಕ್ಕೆ ಮೆಮೊ ಬಂತು. ಕಾರಣ ಬರೆದು ಕೊಡಿ ಎಂದರು. ಕಡಲೆಬೇಳೆ ಪೊಟ್ಟಣ ಎಂದು ಬರೆಯಲಾಗುತ್ತದೆಯೇ? ಹೊಟ್ಟೆನೋವು ಎಂದು ಬರೆದೆ.

ಅಲ್ಲಿಂದ ಮುಂದೆ ಗುತ್ಯಮ್ಮ ಏನೇ ಓದಿದರೂ, "ಯಾವ ಕಾಲದ್ದು ಗುತ್ಯಮ್ಮ?" ಎಂದು ಕೇಳಿ ನಗುವುದು ಊರಿಗೆ ರೂಢಿಯಾಯಿತು. ಅಷ್ಟರಲ್ಲಿ ಗುರುಮಲ್ಲಪ್ಪನ ಮನೆಗೆ ಬಣ್ಣದ ಟೀವಿ ಬಂತು, ಹೆಂಚಿನ ಮೇಲೆ ಡಿಶ್ಶು ಕೂತಿತು. ಸಂಜೆಯಾದರೆ ಅರ್ಧ ಊರು ಅಲ್ಲೇ. ನಾನೂ ಹೋಗುತ್ತಿದ್ದೆ, ಮುಚ್ಚುಮರೆ ಏನು.

"ಲೋಕದ ಸುದ್ದಿ ಎಲ್ಲ ಬಿಸಿಬಿಸಿ ಇಲ್ಲೇ ಬರ್ತಾ ಇರಬೇಕಾದ್ರೆ ಇನ್ನು ಪೇಪರ್ ಯಾರು ಓದ್ತಾರೆ ಟೀಚರಮ್ಮ?" ಎಂದು ಗುರುಮಲ್ಲಪ್ಪ ಕೇಳಿದ್ದಕ್ಕೆ ನಾನು ಹೌದೌದು ಎಂದು ತಲೆಯಾಡಿಸಿದ್ದೂ ಉಂಟು.

ಅದೇ ವರ್ಷ ಇನ್ನೊಂದು ಕೇಡು ಬಂತು, ಪ್ಲಾಸ್ಟಿಕ್ ಕವರು. ಉಳವಿಯ ಅಂಗಡಿಯವನು ಸಾಮಾನನ್ನೆಲ್ಲ ಕವರಿನಲ್ಲಿ ಹಾಕಿ ಕೊಡತೊಡಗಿದ. ಸೊರಬದಲ್ಲೂ ಅದೇ ಕಥೆ. ಗುತ್ಯಮ್ಮ ಕವರನ್ನು ತಿರುಗಿಸಿ ತಿರುಗಿಸಿ ನೋಡಿ, "ಎಂತದೂ ಬರ್ದೇ ಇಲ್ವಲ್ಲ ಮಾರಾಯ" ಎಂದು ವಾಪಸು ಕೊಟ್ಟಳಂತೆ. ಕೊನೆಗೆ ಶಿರಾಳಕೊಪ್ಪದ ಕರೀಂ ಸಾಬರ ಅಂಗಡಿಯಲ್ಲಿ ಇನ್ನೂ ಪೇಪರಿನಲ್ಲೇ ಕಟ್ಟುತ್ತಾರೆಂದು ತಿಳಿಯಿತು. ಎರಡು ಬಸ್ಸು ಬದಲಿಸಿ, ಸಂತೆಗೆ ಬಾಳೆಕಾಯಿ ಒಯ್ಯುವ ನೆಪದಲ್ಲಿ, ಪ್ರತಿ ವಾರ ಅಲ್ಲಿಗೇ ಹೋಗತೊಡಗಿದಳು. ಅರ್ಧ ಕೆಜಿ ಬೆಲ್ಲವನ್ನು ಒಂದೇ ಪೊಟ್ಟಣ ಮಾಡಲು ಬಿಡುತ್ತಿರಲಿಲ್ಲ, ಕಾಲು ಕಾಲು ಕೆಜಿಯ ಎರಡು ಪೊಟ್ಟಣ ಮಾಡಿಸಿದರೆ ಎರಡು ಪುಟ ಓದಲು ಸಿಗುತ್ತದಲ್ಲ.

ತೊಂಬತ್ತೆಂಟರ ಒಂದು ಬೆಳಿಗ್ಗೆ ನಾನು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೆ. ಗುತ್ಯಮ್ಮ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಬೆಲ್ಲ ಅಂಟಿದ ಕಾಗದ.

"ಟೀಚರಮ್ಮ, ಇದನ್ನ ಒಂಚೂರು ಓದು. ನಾನು ಓದಿದ್ದೇ ಸರೀನಾ ನೋಡು."

ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಾಗದ ತೆಗೆದುಕೊಂಡೆ. ಮೂಲೆಯಲ್ಲಿ ಪುಟ್ಟ ಅಕ್ಷರದ ಪ್ರಕಟಣೆ. ಉಳವಿ ಗ್ರಾಮದ ಗುರುಮಲ್ಲಪ್ಪನವರಿಗೆ ಸೇರಿದ ಒಂದೂವರೆ ಎಕರೆ ಗದ್ದೆಯನ್ನು ತಮ್ಮ ಕಕ್ಷಿದಾರರು ಕ್ರಯಕ್ಕೆ ಕೊಳ್ಳುತ್ತಿದ್ದಾರೆ, ಯಾರದಾದರೂ ತಕರಾರು ಇದ್ದರೆ ಹದಿನೈದು ದಿನಗಳ ಒಳಗೆ ಲಿಖಿತವಾಗಿ ತಿಳಿಸಬೇಕು, ಆಮೇಲೆ ಬಂದ ತಕರಾರು ಊರ್ಜಿತವಲ್ಲ ಎಂದು ಶಿಕಾರಿಪುರದ ಯಾರೋ ವಕೀಲರು ಹಾಕಿಸಿದ್ದರು. ಕೆಳಗೆ ಚಕ್ಕುಬಂದಿ. ಮೂಡಲಿಗೆ ಕೆರೆ ಏರಿ, ಪಡುವಲಿಗೆ ಹಳ್ಳ, ತೆಂಕಲಿಗೆ ರಾಮಪ್ಪನ ಗದ್ದೆ. ಬಡಗಲಿಗೆ ಏನಿದೆಯೋ ಬೆಲ್ಲದಡಿ ಮುಚ್ಚಿತ್ತು.

"ಬಡಗಲಿಗೆ ಗಾಡಿ ದಾರಿ," ಎಂದಳು ಗುತ್ಯಮ್ಮ. "ನಂದೇ ಗದ್ದೆ ಅಲ್ವಾ?"

ಅವಳದೇ ಎಂದು ನನಗೂ ಗೊತ್ತಾಯಿತು. ಆದರೆ ಬಾಯಿಗೆ ಬಂದದ್ದು ಬೇರೆ. ಮೆಮೊ ತಿಂದವಳ ಬಾಯಿ ನೋಡಿ. "ಯಾವ ಕಾಲದ್ದೋ ಏನೋ ಗುತ್ಯಮ್ಮ, ತಾರೀಖೇ ಇಲ್ಲ. ಹಳೇ ಪೇಪರ್ ಹಿಡ್ಕೊಂಡು ಊರೆಲ್ಲ ರಂಪ ಮಾಡ್ಬೇಡಿ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಹಳೇದಾದ್ರೆ ಗದ್ದೆ ಹೋಗಾಗಿದೆ. ಹೊಸದಾದ್ರೆ ಹೋಗ್ತಾ ಇದೆ. ಯಾವ್ದಕ್ಕೆ ನಾನು ಸುಮ್ನೆ ಕೂರ್ಲಿ, ನೀನೇ ಹೇಳು."

ನಾಲ್ಕು ಕ್ಲಾಸು ಹೆಚ್ಚು ಓದಿದವಳು ನಾನು. ನಾಚಿಕೆಯಾಯಿತು. ಮಕ್ಕಳನ್ನು ಆಯಾಗೆ ಒಪ್ಪಿಸಿ, ಅವಳ ಜೊತೆ ಬಸ್ಸು ಹತ್ತಿದೆ.

ಶಿರಾಳಕೊಪ್ಪದಲ್ಲಿ ಕರೀಂ ಸಾಬರು ಕನ್ನಡಕ ಏರಿಸಿ ಕಾಗದ ನೋಡಿದರು. ವಯಸ್ಸಾದವರು, ಗಲ್ಲಾ ಬಿಟ್ಟು ಏಳುವುದೇ ಅಪರೂಪ. ಪ್ರಕಟಣೆ ಓದಲಿಲ್ಲ, ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಇದು ಹಳೇದಲ್ರಿ ಅಮ್ಮಾ. ಇದು ಹಳೇದಾಗಾಕ ಟೈಮೇ ಇಲ್ಲ," ಎಂದರು.

ಹೇಗೆ ಎಂದು ಕೇಳಿದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಜನ ಓದುವ ದೊಡ್ಡ ಪೇಪರುಗಳನ್ನು ಮನೆಯವರು ಜೋಪಾನವಾಗಿ ಅಟ್ಟದ ಮೇಲೆ ಕೂಡಿಟ್ಟು, ಆರು ತಿಂಗಳೋ ವರ್ಷವೋ ಬಿಟ್ಟು ರದ್ದಿಗೆ ಹಾಕುತ್ತಾರೆ. ಅವು ಪೊಟ್ಟಣವಾಗುವ ಹೊತ್ತಿಗೆ ಸುದ್ದಿ ಮುದಿಯಾಗಿರುತ್ತದೆ.

"ಈ ಪೇಪರ್ ಐತಲ್ರಿ, ಇದನ್ನ ಯಾರೂ ತಗೊಳ್ಳಂಗಿಲ್ಲ. ಏಜೆಂಟರ ಕಡೆ ಇಪ್ಪತ್ತೈದು ಬರ್ತಾವ, ಎರಡು ಹೋಗ್ತಾವ. ಉಳಿದಿದ್ದು ವಾರಕ್ಕೊಂದ್ಸಲ ಕಟ್ಟು ಬಿಚ್ಚದಂಗ ಸೀದಾ ನನ್ನ ಅಂಗಡಿಗೆ."

ಗುರುಮಲ್ಲಪ್ಪ ಜಾಣ. ನಮ್ಮ ತಾಲ್ಲೂಕಿಗೆ ಬರುವ ಪೇಪರಿನಲ್ಲಿ ಹಾಕಿಸಿದರೆ ಯಾರಾದರೂ ನೋಡಿಯಾರು ಎಂದು, ಆ ವಕೀಲರಿಗೆ ಹೇಳಿ, ಹುಡುಕಿ ಹುಡುಕಿ ಯಾರೂ ಓದದ ಪೇಪರು ಹಿಡಿಸಿದ್ದ. ಯಾರೂ ಓದದ್ದಕ್ಕೇ ಅದು ಎಲ್ಲಕ್ಕಿಂತ ಬೇಗ ಬೆಲ್ಲ ಸುತ್ತಿಕೊಂಡು ಅತ್ತಿಗೆಯ ಅಡುಗೆಮನೆಗೆ ಬಂದಿತ್ತು.

ಕರೀಂ ಸಾಬರ ಹೆಂಡತಿ ದಿಲ್ಶಾದ್ ಬೇಗಂ ಒಳಗಿನಿಂದ ಕಟ್ಟು ತಂದು ನೆಲದ ಮೇಲೆ ಹರವಿದರು. ನಾವು ಮೂವರೂ ಕೂತು ಹುಡುಕಿದೆವು. ಗುತ್ಯಮ್ಮ ನಡುನಡುವೆ ಬೇರೆ ಸುದ್ದಿ ಓದುತ್ತ ನಿಂತುಬಿಡುತ್ತಿದ್ದಳು. "ಟೀಚರಮ್ಮ, ಇಲ್ನೋಡು, ಒಂದೇ ಹೆಣ್ಣಿಗೆ ಮೂರು ಗಂಡು..." ಎಂದು ಶುರುಮಾಡಿದಾಗ ನಾನು ಗದರಿಸಿದೆ. "ನಿಮ್ಮ ಗದ್ದೆ ನೋಡ್ರಿ ಮೊದ್ಲು," ಎಂದೆ. ಕೊನೆಗೆ ಅದೇ ಪ್ರಕಟಣೆ ಇರುವ ಕತ್ತರಿಸದ ಪ್ರತಿ ಸಿಕ್ಕಿತು. ನೆತ್ತಿಯ ಮೇಲೆ ತಾರೀಖು, ಒಂಬತ್ತು. ಅವತ್ತು ಇಪ್ಪತ್ತೆರಡು. ಬಾಕಿ ಎರಡು ದಿನ.

ಆ ಪ್ರತಿಯನ್ನು ಕೊಳ್ಳಲು ಹೋದರೆ ಕರೀಂ ಸಾಬರು ಒಪ್ಪಲಿಲ್ಲ. "ಬೆಲ್ಲ ತಗೊಂಡೀರಲ್ರಿ, ಪೇಪರ್ ಅದ್ರ ಸಂಗಡದ್ದು," ಎಂದರು.

ಅಲ್ಲಿಂದ ಸೀದಾ ಸೊರಬ. ವಕೀಲ ಮಹೇಶ್ವರಪ್ಪನವರು ಪೇಪರು ನೋಡಿದ್ದೇ ಅಂದೇ ತಕರಾರು ಬರೆದು ರಿಜಿಸ್ಟರ್ ಪೋಸ್ಟ್ ಮಾಡಿಸಿದರು, ಒಂದು ಪ್ರತಿಯನ್ನು ಮಾರನೇ ದಿನ ಶಿಕಾರಿಪುರಕ್ಕೆ ತಾವೇ ಒಯ್ದು ಮುಟ್ಟಿಸಿದರು. ಕೊಳ್ಳಲು ಬಂದವನು ತಕರಾರಿನ ಜಮೀನು ನಮಗೆ ಬೇಡ ಎಂದು ಜಾರಿಕೊಂಡ.

ಗುರುಮಲ್ಲಪ್ಪನಿಗೆ ತಲೆ ಕೆಟ್ಟಿತು. ಕ್ರಯ ತಪ್ಪಿದ್ದಕ್ಕಿಂತ ಸುದ್ದಿ ಹೇಗೆ ಹೊರಬಿತ್ತು ಎಂಬುದೇ ಅವನಿಗೆ ದೊಡ್ಡ ಹುಳ. ಶಿಕಾರಿಪುರದ ವಕೀಲರ ಮೇಲೆ ಹಾರಾಡಿ ಬಂದ, ಕೊಳ್ಳುವವನ ಜೊತೆ ಮಾತು ಬಿಟ್ಟ, ಪಕ್ಕದ ಗದ್ದೆಯ ರಾಮಪ್ಪನೇ ಚಾಡಿ ಹೇಳಿದವನೆಂದು ಹೋಟೆಲಿನಲ್ಲಿ ಕೂಗಾಡಿದ. ಅತ್ತಿಗೆ ತಾನೇ ಓದಿಕೊಂಡಳು ಎಂದು ನಾವು ಎಷ್ಟು ಹೇಳಿದರೂ ನಂಬಲಿಲ್ಲ. ಅವನಿಗೆ ಓದು ಬಾರದು. ತನಗೆ ಬಾರದ್ದು ಅತ್ತಿಗೆಗೆ ಬಂದೀತು ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ, ಪೊಟ್ಟಣ ಹಿಡಿದು ಅವಳು ಕೂಗುವುದೆಲ್ಲ ಬಾಯಿಗೆ ಬಂದದ್ದು ಎಂದೇ ತಿಳಿದಿದ್ದ. ಕಡೆಗೆ ಒಂದು ದಿನ ಅವಳ ಜಗಲಿಗೇ ಬಂದ.

"ಅತ್ತಿಗೆ, ಕೊನೇ ಸಲ ಕೇಳ್ತೀನಿ. ಯಾರು ಹೇಳಿದ್ದು ನಿಂಗೆ?"

ಗುತ್ಯಮ್ಮ ಒಳಗಿಂದ ಕಾಗದ ತಂದಳು. ಬೆರಳಿಟ್ಟಳು. ಅವನ ಹೆಸರಿನಿಂದ ಶುರುಮಾಡಿ ಗಾಡಿ ದಾರಿಯವರೆಗೆ, ಬೀದಿಯವರೆಲ್ಲ ಹೊರಗೆ ಬರುವ ಹಾಗೆ ಓದಿದಳು. ಯಾವ ಕಾಲದ್ದು ಗುತ್ಯಮ್ಮ ಎಂದು ಅವತ್ತು ಯಾರೂ ಕೇಳಲಿಲ್ಲ. ಗುರುಮಲ್ಲಪ್ಪ ಕಾಗದವನ್ನೂ ಅವಳ ಬೆರಳನ್ನೂ ನೋಡುತ್ತ ಕೂತಿದ್ದು, ಎದ್ದು ಹೋದ.

ಊರ ಹಿರಿಯರು ಸೇರಿ ಬುದ್ಧಿ ಹೇಳಿದರು. ಎರಡು ತಿಂಗಳಿಗೆ ವಿಭಾಗ ಪತ್ರ ಸಿದ್ಧವಾಯಿತು, ಗದ್ದೆ ಗುತ್ಯಮ್ಮನ ಹೆಸರಿಗೆ, ಗಾಡಿ ದಾರಿ ಆಚೆಯ, ಮಳೆ ನಂಬಿದ ಖುಷ್ಕಿ ಜಮೀನು ಅವನ ಹೆಸರಿಗೆ. ನೋಂದಣಿಗೆ ಸೊರಬಕ್ಕೆ ಹೋದೆವು. ಸಾಕ್ಷಿ ಹಾಕಲು ನಾನು. ಪತ್ರ ಬರೆದವರು ಗಡಗಡ ಓದಿ ಮುಗಿಸಿ ಶಾಯಿ ಪ್ಯಾಡನ್ನು ಗುರುಮಲ್ಲಪ್ಪನ ಮುಂದೆ ತಳ್ಳಿದರು. ಅವನು ಹೆಬ್ಬೆಟ್ಟನ್ನು ಶಾಯಿಗೆ ಅದ್ದಿದವನು ಹಾಗೇ ಕೈ ಎತ್ತಿ ಹಿಡಿದ.

"ಎಂತಾಯ್ತೋ? ಈಗ ಓದಿದ್ರಲ್ಲ," ಎಂದರು ಮಹೇಶ್ವರಪ್ಪನವರು.

"ಓದಿದ್ರು ರೀ. ಅದ್ರಲ್ಲಿ ಅದೇ ಬರ್ದಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ವಕೀಲರು ತಾವು ಓದುತ್ತೇನೆಂದರು, ಬೇಡ ಎಂದ. ನಾನು ಕೈ ಚಾಚಿದೆ, ನನಗೂ ಕೊಡಲಿಲ್ಲ. ಶಾಯಿ ಹತ್ತದ ಕೈಯಲ್ಲಿ ಪತ್ರವನ್ನು ಅತ್ತಿಗೆಯ ಕಡೆ ಸರಿಸಿದ.

"ಅತ್ತಿಗೆ, ನೀನು ಓದು."

ಗುತ್ಯಮ್ಮ ಕಚೇರಿಯ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ನಾಲ್ಕು ಪುಟ, ಮುಕ್ಕಾಲು ಗಂಟೆ. ಕಚೇರಿ ಮುಚ್ಚುವ ಹೊತ್ತಾಯಿತೆಂದು ಗುಮಾಸ್ತ ಎರಡು ಸಲ ಬಂದು ಗೊಣಗಿದ, ಮೂರನೇ ಸಲ ಬಂದವನು ಬಾಗಿಲಿಗೊರಗಿ ಕೇಳುತ್ತ ನಿಂತ. ತನ್ನ ಪಾಲಿನದನ್ನು ಒಂದು ಸಲ ಓದಿದಳು. ಅವನ ಪಾಲಿನ ಚಕ್ಕುಬಂದಿ ಬಂದಾಗ ಎರಡು ಸಲ ಓದಿದಳು.

"ಇದು ನಿಂದು. ಸರಿ ಇದ್ಯಾ?"

"ಸರಿ ಇದೆ."

ಅಷ್ಟರಲ್ಲಿ ಅವನ ಹೆಬ್ಬೆಟ್ಟಿನ ಶಾಯಿ ಒಣಗಿ ಹೋಗಿತ್ತು. ಮತ್ತೆ ಪ್ಯಾಡಿಗೆ ಒತ್ತಿ, ಪತ್ರದ ಮೇಲೆ ಕೈ ಆಡಿಸುತ್ತ ಕೇಳಿದ.

"ಎಲ್ಲಿ ಒತ್ಲಿ ಅತ್ತಿಗೆ?"

ಗುತ್ಯಮ್ಮ ಅವನ ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದಳು.