ಪೀಪಾಯಿಯ ತಳದಿಂದ ಒಂದು ಕಾಯಿ

ಕೈ ಮೊಣಕೈ ದಾಟಿ ಉಪ್ಪುನೀರಿಗೆ ಇಳಿದಿದೆ. ಕೆನ್ನೆ ಪೀಪಾಯಿಯ ಅಂಚಿಗೆ ಒತ್ತಿದೆ. ತಳ ತಡಕಿ ಒಂದು ಕಾಯಿ ಎಳೆದು ಕಚ್ಚುತ್ತಾರೆ. ಕಟುಂ. ಉಗಿಯುತ್ತಾರೆ. "ಮುಚ್ಚು."

ಬೆಳಗಿನ ಆರೂವರೆ. ಚಿಕ್ಕಯ್ಯನಛತ್ರದ ಆಚೆ, ತಗಡಿನ ಶೆಡ್ಡಿನಲ್ಲಿ ಸರ್ವಮಂಗಳಾ ಪೀಪಾಯಿಗೊಂದರಂತೆ ನಿನ್ನೆಯಿಂದ ಕಚ್ಚಿದ ಎಪ್ಪತ್ತೇಳನೆಯ ಮಿಡಿಸೌತೆ ಇದು. ನಂಜನಗೂಡು, ತಿ. ನರಸೀಪುರದ ಹೊಲಗಳ ಕಾಯಿ ಇಲ್ಲಿ ತಿಂಗಳುಗಟ್ಟಲೆ ಉಪ್ಪಿನಲ್ಲಿ ಕೂತು ಪೋಲೆಂಡಿಗೆ ಹೋಗುತ್ತದೆ. ಇವರು ಕಚ್ಚಿ ಒಪ್ಪದೆ ಸೀಲು ಬೀಳುವುದಿಲ್ಲ. ಹನ್ನೊಂದು ವರ್ಷದಿಂದ ಹೀಗೇ.

"ಪೋಲೆಂಡಿನೋರಿಗೆಲ್ಲ ಎಂಜಲು ತಿನ್ನುಸ್ತಾವ್ಳೆ," ಮುಚ್ಚಳ ಬಿಗಿಯುವ ಪುಟ್ಟಲಕ್ಷ್ಮಿ ಕೆಣಕುತ್ತಾರೆ.

"ಕಚ್ಚಿದ್ದು ನಮ್ಮ್ ಕೋಳಿಗೆ ಕಣೇ. ಡಾಕ್ಟ್ರು ಉಪ್ಪು ಬ್ಯಾಡ ಅಂದವ್ರೆ, ಅದ್ಕೇ ಉಗೀತೀನಿ."

ಮೊದಲು ಹದಿನಾರು ಎಂಬ ಊರಿನ ಹೊಲಗಳಲ್ಲಿ ಬಳ್ಳಿಯಿಂದ ಕಾಯಿ ಕೀಳುತ್ತಿದ್ದರು. ಈಗ ಬೆರಳೆಲ್ಲ ಉಪ್ಪಿಗೆ ಸೀಳಿವೆ. ಸಾರಿಗೆ ಕೈ ಇಟ್ಟರೆ ಉರಿ. ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಾರೆ. "ನೆಂಟ್ರ ಮುಂದೆ ನಾಚ್ಕೆ ಆಯ್ತದೆ ಕಣ್ರೀ."

ಶೆಡ್ಡಿನ ಮಾಲೀಕ ಅಮೃತೇಶ್ ಪೋಲೆಂಡಿನ ಆರ್ಡರು ತೋರಿಸಿ ಬ್ಯಾಂಕಿನಲ್ಲಿ ಸಾಲ ತಂದು ಕಾಯಿ ಕೊಂಡವರು. ರಫ್ತಿನ ಸಾಲವೆಂದು ಬಡ್ಡಿಯ ಒಂದು ಪಾಲು ಸರ್ಕಾರ ಹೊರುತ್ತದೆ. ಗಿರಾಕಿ ಕೈಕೊಟ್ಟರೆ ಸರ್ಕಾರಿ ವಿಮೆ ಇದೆ. ಇದನ್ನೆಲ್ಲ ಅವರೇ ಒಮ್ಮೆ ಟೀ ಕುಡಿಯುತ್ತ ವಿವರಿಸಿದ್ದರು. ಸರ್ವಮಂಗಳಾ ತಮಗೆ ಬೇಕಾದ್ದನ್ನಷ್ಟೇ ಉಳಿಸಿಕೊಂಡಿದ್ದಾರೆ: "ಗಿರಾಕಿ ದುಡ್ಡು ಕೊಡ್ದೆ ಓಡೋದ್ರೆ ಸರ್ಕಾರ ಕೊಡ್ತದೆ. ನಮ್ಮ್ ಕಾಯೇ ಮೆತ್ಗಾಗಿದ್ರೆ ಯಾರೂ ಕೊಡಾಕಿಲ್ಲ."

ಎಪ್ಪತ್ತೆಂಟನೆಯದನ್ನು ಕಚ್ಚುತ್ತಾರೆ. ಸದ್ದಿಲ್ಲ. ಎಪ್ಪತ್ತೊಂಬತ್ತು, ಎಂಬತ್ತು. ಸದ್ದಿಲ್ಲ. ಮೂರೂ ಒಂದೇ ದಿನ ತುಂಬಿದ ಪೀಪಾಯಿಗಳು. ಅವತ್ತು ಉಪ್ಪು ಕಮ್ಮಿ ಬಿದ್ದಿದೆ.

ಹೊರಗೆ ಲಾರಿ ಇಂಜಿನ್ ಆರಿಸಿಲ್ಲ. ಎಂಬತ್ತು ಪೀಪಾಯಿಯೂ ಇವತ್ತೇ ಬಂದರಿಗೆ ಹೊರಡಬೇಕು. ಗಡುವು ತಪ್ಪಿದರೆ ಗಿರಾಕಿ ಒಲ್ಲೆನ್ನಬಹುದು. ಸಾಲ ಮಾತ್ರ ಅಮೃತೇಶರ ಹೆಸರಿನಲ್ಲೇ ಉಳಿಯುತ್ತದೆ.

"ಎಂಬತ್ರಲ್ಲಿ ಮೂರು ತಾನೇ ಅಕ್ಕ? ವಿಮೆ ಇದೆಯಲ್ಲ," ಲಾರಿಯ ಬಳಿಯಿಂದ ಬಂದ ಅಮೃತೇಶ್ ಕೇಳುತ್ತಾರೆ.

"ಯಾವ್ದಕ್ಕೈತೆ, ಯಾವ್ದಕ್ಕಿಲ್ಲ ಅಂತ ಏಳ್ಕೊಟ್ಟೋನು ನೀನೇ ಕಣಪ್ಪ. ಎಪ್ಪತ್ತೇಳೇ ಕಳ್ಸು. ಮೂರು ಕಮ್ಮಿ ಅಂತ ಅವ್ರಿಗೆ ಬರಿ."

"ಎಂಬತ್ತು ಅಂತ ಕಾಗದ ಆಗಿದೆ. ಅವರು ಒಪ್ಪದಿದ್ರೆ?"

"ಒಪ್ಪದಿದ್ರೆ ಬೈಸ್ಕೊ. ಮುಂದಿನ್ ವರ್ಸ ಅವ್ರೇ ಕೇಳ್ಕೊಂಡ್ ಬತ್ತಾರೆ. ಕೊಳೆತದ್ದು ತಿಂದೋರು ಬತ್ತಾರಾ?"

ಅಮೃತೇಶ್ ತಲೆ ಕೆರೆದುಕೊಳ್ಳುತ್ತಾರೆ. ಈ ಅಕ್ಕನ ಹಲ್ಲನ್ನು ನಂಬಿಯೇ ಶೆಡ್ಡು ನಿಂತಿದೆ ಎಂದು ಅವರೇ ಎಲ್ಲರಿಗೂ ಹೇಳುವವರು. ಈಗ ದನಿ ಮೆತ್ತಗೆ ಮಾಡುತ್ತಾರೆ. "ನಿನ್ನೆಯಿಂದ ನಿಂತೇ ಇದ್ದೀಯ. ಇವತ್ತು ಸಂಬಳ ಸಮೇತ ರಜ ತಗೊ. ಆಟೋ ಕರೆಸ್ತೀನಿ, ಮನೆಗೆ ಹೋಗು. ಈ ಮೂರು ನಾನು ನೋಡ್ಕೋತೀನಿ."

ಸರ್ವಮಂಗಳಾ ಆ ಮೂರೂ ಪೀಪಾಯಿಗಳ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮೇಲೆ ಕೂರುತ್ತಾರೆ.

"ಬ್ಯಾಡ. ನಾನ್ ಓಗಲ್ಲ."